ಹಾಯಿದೋಣಿಗೆ ವೇಗ ಕೂಡಿಸಲು ಹೋದ ಮಳೆಗಾಲ

ಕಳೆದ ತಿಂಗಳು ಗಾವಡಗೆರೆಯ ರೈತರೊಬ್ಬರ ಪಂಪು ಕೆಟ್ಟಿತ್ತು. ಕೆರೆಯಂಚಿನ ಕೆಸರಿನಲ್ಲಿ ಹೂತಿದ್ದ ಅದರ ಪೈಪನ್ನು ಎಳೆದು ದಡಕ್ಕೆ ಹಾಕಿದಾಗ ಕೊಳೆತ ಪಾಚಿ, ಸತ್ತ ಬಸವನಹುಳು, ಸೋರಿದ ಪೆಟ್ರೋಲು ಮೂರೂ ಕಲೆತ ಒಂದು ವಾಸನೆ ಮೂಗಿಗೆ ಬಡಿಯಿತು. ಇಪ್ಪತ್ತಾರು ವರ್ಷದಿಂದ ಇಂಜಿನ್ ಬಿಚ್ಚುತ್ತಿರುವ ನನಗೆ ನಾತ ಹೊಸದಲ್ಲ. ಆದರೂ ಅವತ್ತು ಏರಿಯ ಮೇಲೆ ಕುಕ್ಕರಿಸಿ ವಾಂತಿ ಮಾಡಿಕೊಂಡೆ. "ಪಿತ್ತ ಇರ್ಬೇಕು, ತಡೀರಿ, ನಿಂಬೆಹಣ್ಣು ತತ್ತೀನಿ" ಎಂದು ರೈತರು ಮನೆ ಕಡೆ ಹೋದರು. ಪಿತ್ತವಾಗಿರಲಿಲ್ಲ. ಅದೇ ವಾಸನೆಯಲ್ಲಿ ನಾನು ಒಂದು ಮಳೆಗಾಲದ ಅರ್ಧ ಕಳೆದಿದ್ದೆ, ಕಬಿನಿ ಹಿನ್ನೀರಿನ ದಡದಲ್ಲಿ.

ನನ್ನ ಹೆಸರು ನಜೀರ್. ಹುಣಸೂರಿನಲ್ಲಿ ನನ್ನದೊಂದು ಸಣ್ಣ ಲೇತ್ ಅಂಗಡಿ ಇದೆ. ನಮ್ಮ ಅಬ್ಬಾ ಇಟ್ಟ ಅಂಗಡಿ. ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಿಗೆ ತಗಡಿನ ಕೊಳವೆ ಮಾಡುವುದು, ಪಂಪು, ಟಿಲ್ಲರು ರಿಪೇರಿ ಮಾಡುವುದು ನಮ್ಮ ಕಸುಬು. ಜೂನ್ ಜುಲೈನಲ್ಲಿ ಸೊಪ್ಪು ಇನ್ನೂ ಹೊಲದಲ್ಲೇ ಇರುವುದರಿಂದ ಕೆಲಸ ಕಡಿಮೆ. ಮೂರು ವರ್ಷದ ಹಿಂದೆ ಅಂಥ ಒಂದು ಜೂನ್‌ನಲ್ಲಿ, ಜಿಟಿಜಿಟಿ ಮಳೆಯ ನಡುವೆ, ಜೀಪಿನ ಹಿಂದೆ ಟ್ರೇಲರ್ ಕಟ್ಟಿಕೊಂಡು ಪ್ರಭಾಕರ್ ಎಂಬವರು ಅಂಗಡಿ ಮುಂದೆ ಬಂದು ನಿಂತರು. ಟ್ರೇಲರ್ ಮೇಲೆ ಒಂದು ಹಾಯಿದೋಣಿ. ಇಪ್ಪತ್ತು ಅಡಿ ಉದ್ದ ಇದ್ದೀತು. ಹಾಯಿಕಂಬವನ್ನು ಮಡಚಿ ಮಲಗಿಸಿದ್ದರು. ಪೇಟೆಯ ಅರ್ಧ ಜನ ನೋಡಲು ಸೇರಿಬಿಟ್ಟರು.

ಪ್ರಭಾಕರ್ ಮೈಸೂರಿನವರು, ಕಟ್ಟಡದ ಕಂಟ್ರಾಕ್ಟು ಮಾಡಿ ಬಿಟ್ಟವರು. ಎಚ್.ಡಿ. ಕೋಟೆ ತಾಲ್ಲೂಕಿನ ಎನ್. ಬೇಗೂರಿನ ಕಡೆ ಹಿನ್ನೀರಿನ ಪಕ್ಕ ಜಮೀನು ತೆಗೆದುಕೊಂಡು ನಾಲ್ಕು ಕೋಣೆಯ ಹೋಮ್‌ಸ್ಟೇ ಮಾಡಿದ್ದರು. ದೋಣಿಯನ್ನು ಮಂಗಳೂರಿನಲ್ಲಿ ಯಾರಿಂದಲೋ ಹಳೆಯದು ಕೊಂಡಿದ್ದರು.

"ಗಾಳಿ ಇದ್ರೆ ಹಾಯಿ, ಇಲ್ದಿದ್ರೆ ಮೋಟಾರು. ಈ ಮೋಟಾರಲ್ಲಿ ಎಮ್ಮೆ ಥರ ಹೋಗುತ್ತೆ, ನಜೀರ್. ಸ್ಪೀಡ್ ಮಾಡಿಕೊಡಬೇಕು" ಎಂದರು. ನಾನು ದೋಣಿ ಕೆಲಸ ಮಾಡಿದವನಲ್ಲ ಎಂದೆ. ಆಗ ಅವರು ಆಚೆ ದಡದ ಊರಿನ ವಿಷಯ ತೆಗೆದರು. ಆ ಊರಿನವರು ಸುತ್ತುಬಳಸಿ ಕಾಡಿನ ದಾರಿಯಲ್ಲಿ ಬರಬೇಕು, ಇಲ್ಲವೇ ಹರಿಗೋಲಿನಲ್ಲಿ ದಾಟಬೇಕು. ಮಳೆಗಾಲದಲ್ಲಿ ನೀರು ತುಂಬಿದಾಗ ದಾಟುವುದಕ್ಕೇ ಮುಕ್ಕಾಲು ಗಂಟೆ. "ಹುಷಾರಿಲ್ಲದವರು, ಬಸುರಿಯರು, ಸ್ಕೂಲಿನ ಮಕ್ಕಳು. ಅವರಿಗೋಸ್ಕರ ಬಿಡ್ತೀನಿ ಈ ದೋಣೀನ. ನನಗೂ ವಯಸ್ಸಾಯ್ತು, ಏನಾದ್ರೂ ಸೇವೆ ಮಾಡಬೇಕಲ್ಲ" ಎಂದರು. ಹೇಳುವಾಗ ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಆ ಕಣ್ಣನ್ನು ನೆನೆಸಿಕೊಂಡರೆ ಈಗಲೂ ನನಗೆ ಮೈ ಉರಿಯುತ್ತದೆ. ಅವತ್ತು ಮಾತ್ರ, ಇಂಥ ಮನುಷ್ಯರೂ ಇದ್ದಾರಲ್ಲ ಎಂದುಕೊಂಡು ಮರುದಿನವೇ ಸಾಮಾನು ಕಟ್ಟಿಕೊಂಡು ಹೊರಟೆ.

ಹೋಮ್‌ಸ್ಟೇಯ ಹಿಂದೆ, ನೀರಿನ ಅಂಚಿಗೆ, ಒಂದು ತಗಡಿನ ಶೆಡ್ಡು. ಅಲ್ಲೇ ನನ್ನ ವಾಸ. ದೋಣಿಯನ್ನು ಮಗ್ಗುಲಾಗಿ ಎತ್ತಿ ನಿಲ್ಲಿಸಿದಾಗ ಅದರ ಹೊಟ್ಟೆ ಕಂಡಿತು. ಬೆರಳು ದಪ್ಪದ ಪಾಚಿ, ಅದರೊಳಗೆ ಕಪ್ಪೆಚಿಪ್ಪು, ಕೀವಿನಂಥ ಲೋಳೆ. ಯಾವ ದೋಣಿಯಾದರೂ ಇಷ್ಟು ಹೊಲಸನ್ನು ತಬ್ಬಿಕೊಂಡು ವೇಗವಾಗಿ ಹೋಗಲು ಹೇಗೆ ಸಾಧ್ಯ? ಕೆರೆಯುವ ಕೆಲಸಕ್ಕೇ ನಾಲ್ಕು ದಿನ ಹಿಡಿಯಿತು. ಮಳೆ ಮೇಲಿನಿಂದ, ಲೋಳೆ ಕೆಳಗಿನಿಂದ. ಕೂದಲೊಳಕ್ಕೆ, ಬಾಯೊಳಕ್ಕೆ ಬೀಳುತ್ತಿತ್ತು. ದೋಣಿಯ ತಳಕ್ಕೂ ಒಳಗಿನ ನೆಲಕ್ಕೂ ನಡುವೆ ನೀರು ಸೋರಿ ನಿಂತಿರಬಹುದೆಂದು ಒಂದು ತೂತು ಕೊರೆದೆ. ಒಂದು ಹಗಲು ಪೂರ್ತಿ ಕಪ್ಪು ನೀರು ಹರಿಯಿತು. ಕೊನೆಯಲ್ಲಿ ಕೊಳೆತ ಇಲಿಯೊಂದು ಬಂದು ತೂತಿಗೆ ಸಿಕ್ಕಿಕೊಂಡಿತು. ಕಡ್ಡಿಯಲ್ಲಿ ಎಳೆದೆ, ತುಂಡುತುಂಡಾಗಿ ಬಂತು.

"ಇದೇನಣ್ಣ, ದೋಣಿ ಬಸುರಿ ಆಗಿತ್ತಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ತಿರುಗಿ ನೋಡಿದರೆ ಹರಿಗೋಲಿನ ತಮ್ಮಯ್ಯ. ಆಚೆ ದಡದ ಊರಿನವನು. ದಿನಕ್ಕೆ ನಾಲ್ಕೈದು ಸಲ ಜನರನ್ನು ದಾಟಿಸುವುದು ಅವನ ಕೆಲಸ. ಐವತ್ತು ದಾಟಿದ್ದರೂ ತೋಳು ಮಾತ್ರ ಹುಡುಗನದು. ಅವನ ಹೆಂಡತಿ ಜಯಮ್ಮ ಸೊಪ್ಪು ಮಾರಲು ದಿನ ಬಿಟ್ಟು ದಿನ ಈ ಕಡೆಗೆ ಬರುತ್ತಿದ್ದಳು. ನನಗೆ ಊಟದ ಗತಿಯಿಲ್ಲವೆಂದು ತಿಳಿದ ಮೇಲೆ ಬರುವಾಗ ಒಂದು ಡಬ್ಬಿಯಲ್ಲಿ ಮುದ್ದೆ, ಸಾರು ತರತೊಡಗಿದಳು.

"ನಮ್ಮನೇದು ಉಂತೀಯಾ ಅಣ್ಣ?"

"ಹಸಿವಿಗೆ ಯಾವ ಮನೆಯಾದ್ರೇನಮ್ಮ."

"ಅಂಗಾರೆ ಮೊದ್ಲು ಕೈ ತೊಳ್ಕ. ನಿನ್ ಮೈ ನಾತಕ್ಕೆ ನನ್ ಸಾರೇ ಕೆಟ್ಟೋಯ್ತದೆ."

ಆ ದೋಣಿ ಊರಿನವರಿಗೇ ಎಂದು ನಾನು ಅವರಿಬ್ಬರಿಗೂ ಹೇಳಿದೆ. ತಮ್ಮಯ್ಯನ ಅನ್ನಕ್ಕೇ ಕುತ್ತು ಬರುವ ಮಾತದು. ಆದರೂ, "ಒಳ್ಳೇದೇ ಬುಡಣ್ಣ. ನಮ್ ಮಾದಯ್ಯನ ಮಗ್ಳು ಎರಿಗೆ ನೋವು ತಿಂತಾ ಅರಿಗೋಲ್‌ನಲ್ಲೇ ಎತ್ಬುಟ್ಳು. ಬೇಗ ಓಗೋದೊಂದಿದ್ರೆ ಒಳ್ಳೇದೇಯ" ಎಂದ. ಅವತ್ತಿನಿಂದ ಬಿಡುವಾದಾಗಲೆಲ್ಲ ಬಂದು ನನ್ನ ಜೊತೆ ಕೈಹಾಕತೊಡಗಿದ.

ದೋಣಿಯ ಒಂದೊಂದು ತೊಂದರೆಯನ್ನೂ ನಾವಿಬ್ಬರೇ ಹುಡುಕಿದೆವು. ನಡುವಿನ ಸೀಳಿನಿಂದ ನೀರಿಗಿಳಿಯುವ ಒಂದು ಹಲಗೆ ಇರುತ್ತದೆ. ಹಾಯಿ ಬಿಚ್ಚಿದಾಗ ದೋಣಿ ಪಕ್ಕಕ್ಕೆ ಸರಿಯದಂತೆ ತಡೆಯಲು ಅದು ಬೇಕು. ಮೋಟಾರಿನಲ್ಲಿ ಹೋಗುವಾಗ ಅದನ್ನು ಮೇಲಕ್ಕೆತ್ತದಿದ್ದರೆ ನೇಗಿಲಿನ ಹಾಗೆ ನೀರಿನಲ್ಲಿ ಸಿಕ್ಕಿಕೊಂಡೇ ಇರುತ್ತದೆ. ಇದರ ಹಲಗೆ ಮಣ್ಣು ಕಚ್ಚಿ ಮೇಲಕ್ಕೇ ಬರುತ್ತಿರಲಿಲ್ಲ. ಬಿಡಿಸಿದೆವು. ದೋಣಿಯ ಹಿಂದೆ ತೂಗುಹಾಕಿದ ಮೋಟಾರಿನ, ನೀರೊಳಗೆ ತಿರುಗುವ ರೆಕ್ಕೆ ಹಗುರ ದೋಣಿಗೆಂದು ಮಾಡಿದ್ದು, ಈ ಭಾರ ಎಳೆಯಲಾರದೆ ಇಂಜಿನ್ ಕೆಮ್ಮುತ್ತಿತ್ತು. ಅಗಲ ರೆಕ್ಕೆಯದನ್ನು ಮಂಗಳೂರಿನಿಂದ ತರಿಸಿದೆ. ಮೋಟಾರು ನೀರಿನಲ್ಲಿ ಸಾಕಷ್ಟು ಮುಳುಗದೆ ಗಾಳಿ ಕುಡಿಯುತ್ತಿತ್ತು. ಹುಣಸೂರಿಗೆ ಬಂದು ನನ್ನ ಲೇತ್‌ನಲ್ಲೇ ಕಬ್ಬಿಣದ ಪಟ್ಟಿ ಮಾಡಿಕೊಂಡು ಹೋಗಿ ನಾಲ್ಕು ಬೆರಳು ಕೆಳಕ್ಕಿಳಿಸಿದೆ. ಹಿಂದಿದ್ದ ಬ್ಯಾಟರಿ, ಪೆಟ್ರೋಲು ಡಬ್ಬಗಳನ್ನು ಮುಂದಕ್ಕೆ ಸಾಗಿಸಿದೆ.

ಜುಲೈ ಮೊದಲ ವಾರ ನೀರಿಗೆ ಬಿಟ್ಟೆವು. ಹಿಂಭಾಗ ಇನ್ನೂ ಸ್ವಲ್ಪ ಕುಸಿದಿತ್ತು. ದಡದಲ್ಲಿ ನಿಂತಿದ್ದ ಜಯಮ್ಮನನ್ನು ತಮ್ಮಯ್ಯ ಕರೆದ. "ಬಾಮ್ಮಿ, ಮುಂದ್ಗಡೆ ಕೂತ್ಕ. ತೂಕ ಬೇಕಂತೆ."

"ಈಗ ಬೇಕಾದ್ನಾ ನಾನು?" ಎನ್ನುತ್ತ ಅವಳು ಸೊಪ್ಪಿನ ಕುಕ್ಕೆಯ ಸಮೇತ ಮುಂದಿನ ಮೂತಿಯಲ್ಲಿ ಹೋಗಿ ಕೂತಳು. ದೋಣಿ ಸಮವಾಯಿತು. ಮೊದಲು ಗಂಟೆಗೆ ಆರು ಕಿಲೋಮೀಟರು ತೋರಿಸುತ್ತಿದ್ದ ನನ್ನ ಫೋನು ಅವತ್ತು ಹತ್ತರ ಹತ್ತಿರ ತೋರಿಸಿತು. ಅದೇ ಸಣ್ಣ ಮೋಟಾರು, ಅದೇ ಪೆಟ್ರೋಲು. ಜಯಮ್ಮ ಸೆರಗನ್ನು ತಲೆಗೆ ಬಿಗಿದು ನಗುತ್ತಿದ್ದಳು. ನನ್ನ ಕಸುಬಿನಲ್ಲಿ ಅಷ್ಟು ಸಂತೋಷ ಪಟ್ಟ ಇನ್ನೊಂದು ದಿನ ನೆನಪಿಲ್ಲ.

ದಡಕ್ಕೆ ಬಂದು ಅವಳು ಇಳಿದಳು. ಪ್ರಭಾಕರ್ ಕೆಲಸದವನನ್ನು ಕರೆದು, ಅವಳು ಕೂತಿದ್ದ ಜಾಗಕ್ಕೆ ಫಿನಾಯಿಲ್ ಹಾಕಿ ಒರೆಸಲು ಹೇಳಿದರು. ಅವಳು ಇನ್ನೂ ಹತ್ತು ಹೆಜ್ಜೆ ಹೋಗಿರಲಿಲ್ಲ. ತಿರುಗಿ ನೋಡಿದಳು, ಕುಕ್ಕೆಯನ್ನು ಸೊಂಟಕ್ಕೇರಿಸಿಕೊಂಡು ಹೋದಳು. ಮಣ್ಣಾಗಿತ್ತೇನೋ ಎಂದು ನನಗೆ ನಾನೇ ಹೇಳಿಕೊಂಡೆ.

ಮುಂದಿನ ವಾರ ಸೀಟುಗಳಿಗೆ ಬಿಳಿ ಕವರು ಬಂತು. ಶನಿವಾರ, ಭಾನುವಾರ ಬೆಂಗಳೂರು ಮೈಸೂರಿನ ಅತಿಥಿಗಳು ಬಂದರು. ಅವರನ್ನು ಕೂರಿಸಿಕೊಂಡು ದೋಣಿ ಸುತ್ತು ಹೊಡೆಯತೊಡಗಿತು. ಕುಡಿದ ಬಾಟಲಿ, ಚೀಪಿದ ಮೂಳೆ ಎಲ್ಲ ನೀರಿಗೆ. ಊರಿನವರೆಲ್ಲ ಕುಡಿಯಲು ಕೊಡ ತುಂಬುವ ನೀರು ಅದು. ಒಂದು ದಿನ ಆಚೆ ದಡದಿಂದ ಒಬ್ಬ ಹೆಂಗಸು ಜ್ವರದ ಕೂಸನ್ನು ಎತ್ತಿಕೊಂಡು ಕೈಬೀಸಿ ಕರೆದಳು. ದೋಣಿ ಖಾಲಿಯೇ ಇತ್ತು. "ಈಗ ಗೆಸ್ಟ್ ಬರೋ ಟೈಮು, ಕವರ್ ಒದ್ದೆ ಆಗುತ್ತೆ" ಎಂದು ಪ್ರಭಾಕರ್ ಚಹಾ ಕುಡಿಯುತ್ತ ಕೂತರು. ತಮ್ಮಯ್ಯನೇ ಹೋಗಿ ಕರೆತಂದ.

ನಾನು ಕೇಳಿದೆ. "ಸರ್, ಊರಿನವರಿಗೆ ಅಂದಿದ್ರಿ."

"ಆಗುತ್ತೆ ನಜೀರ್, ನಿಧಾನಕ್ಕೆ. ಮೊದಲು ದೋಣಿ ಖರ್ಚು ಹುಟ್ಟಬೇಕಲ್ಲ. ಸಂಜೆಗೆ ಎರಡು ಸುತ್ತು ಆಗ್ತಿದೆ. ಮೂರು ಆಗಬೇಕು. ದೊಡ್ಡ ಇಂಜಿನ್ ತರಿಸಿದ್ದೀನಿ."

ಇಪ್ಪತ್ತೈದು ಎಚ್‌ಪಿ ಇಂಜಿನ್. ಸಣ್ಣದಕ್ಕಿಂತ ನಾಲ್ಕು ಪಟ್ಟು ಶಕ್ತಿ. ಅದನ್ನು ನೋಡಿ ನಾನು ಬೇಡವೆಂದೆ. ಜಯಮ್ಮ ಡಬ್ಬಿ ತೊಳೆಯುತ್ತ ಅಲ್ಲೇ ಇದ್ದಳು. "ಇದು ನೀರಿನ ಮೇಲೆ ಜಾರೋ ದೋಣಿ ಅಲ್ಲ ಸರ್, ನೀರನ್ನ ತಳ್ಕೊಂಡು ಹೋಗೋ ದೋಣಿ. ಉದ್ದಕ್ಕೆ ತಕ್ಕ ವೇಗ ಬಂದಾಗಿದೆ. ಇನ್ನು ಎಷ್ಟು ದೊಡ್ಡ ಇಂಜಿನ್ ಹಾಕಿದ್ರೂ ಹಿಂಭಾಗ ಕುಸಿಯುತ್ತೆ, ಅಲೆ ಏಳುತ್ತೆ. ಶಕ್ತಿ ಎಲ್ಲ ಅಲೆಗೇ ಹೋಗುತ್ತೆ. ಸಣ್ಣ ಹರಿಗೋಲಿದ್ರೆ ಮಗುಚುತ್ತೆ" ಎಂದೆ.

"ನೀನು ಹಾಕು. ನೋಡೋಣ."

ಹಾಕಿದೆ. ಬಲವಂತವೇನೂ ಇರಲಿಲ್ಲ. ಬಿಟ್ಟು ಬರಬಹುದಾಗಿತ್ತು. ಆದರೆ ನನಗೂ ನೋಡಬೇಕೆನ್ನುವ ಚಪಲವಿತ್ತು. ಇಂಜಿನ್ ತೂಗುವ ಹಿಂಬದಿಯ ಹಲಗೆ ಬಿರಿಯದಂತೆ ದಪ್ಪ ಕಬ್ಬಿಣದ ಪಟ್ಟಿ ಕೂರಿಸಿದೆ, ಬೋಲ್ಟುಗಳನ್ನು ನನ್ನ ಕೈಯಾರೆ ಬಿಗಿದೆ. ನೀರಿಗೆ ಬಿಟ್ಟಾಗ ನಾನು ಹೇಳಿದ್ದೇ ಆಯಿತು. ದೋಣಿಯ ಮೂತಿ ಆಕಾಶ ನೋಡಿತು, ಹಿಂಭಾಗ ಹಳ್ಳ ತೋಡಿತು. ವೇಗ ಎರಡು ಕಿಲೋಮೀಟರು ಹೆಚ್ಚಿದ್ದರೆ ಹೆಚ್ಚು. ಹಿಂದೆ ಎದ್ದ ಅಲೆ ಮಾತ್ರ ಸೊಂಟದೆತ್ತರಕ್ಕೆ ಬಂದು ದಡದ ಮಣ್ಣನ್ನು ಕಿತ್ತಿತು. ಅತಿಥಿಗಳಿಗೆ ಆ ಅಲೆಯೇ ಇಷ್ಟವಾಯಿತು. ನಿಂತು ಕೂಗುತ್ತಿದ್ದರು. ನನಗೆ ಸಾಕಾಗಿ ಹುಣಸೂರಿಗೆ ವಾಪಸು ಬಂದೆ.

ಹನ್ನೆರಡು ದಿನದ ಮೇಲೆ ಒಂದು ಸಂಜೆ ಪ್ರಭಾಕರ್ ಫೋನು ಮಾಡಿದರು. ದೊಡ್ಡ ಇಂಜಿನ್ ಸದ್ದು ಮಾಡುತ್ತಿದೆ, ನಾಳೆ ಬೆಳಗಿನ ಜಾವವೇ ಬಂದು ಅದನ್ನು ಬಿಚ್ಚಿ ಸಣ್ಣದನ್ನು ಕೂರಿಸಿ, ದೊಡ್ಡದನ್ನು ಅಂಗಡಿಗೆ ತೆಗೆದುಕೊಂಡು ಹೋಗು ಎಂದರು. ಕಡೆಗೂ ಬುದ್ಧಿ ಬಂತಲ್ಲ ಎನ್ನಿಸಿತು. ಬೆಳಕು ಹರಿಯುವ ಹೊತ್ತಿಗೆ ಗೂಡ್ಸ್ ಆಟೋದಲ್ಲಿ ಅಲ್ಲಿದ್ದೆ. ಅತಿಥಿಗಳಿರಲಿಲ್ಲ. ಕೆಲಸದವರೂ ಇರಲಿಲ್ಲ. ಪ್ರಭಾಕರ್ ಛತ್ರಿ ಹಿಡಿದು ಪಕ್ಕದಲ್ಲೇ ನಿಂತಿದ್ದರು.

ಇಂಜಿನ್ನಿನ ರೆಕ್ಕೆಗೆ ಏನೋ ಸುತ್ತಿಕೊಂಡಿತ್ತು. ಎಳೆದೆ. ಟಾರು ಬಳಿದ ಪ್ಲಾಸ್ಟಿಕ್ ಚೀಲದ ತುಂಡು, ಅದಕ್ಕೆ ಹೊಲಿದ ಬಿದಿರಿನ ದಬ್ಬೆಯೊಂದು. ಹರಿಗೋಲಿನ ತಳಕ್ಕೆ ಹಾಕುವ ಚೀಲ ಅದು. ತಮ್ಮಯ್ಯ ಟಾರು ಬಳಿಯುವುದನ್ನು ನಾನೇ ಪಕ್ಕದಲ್ಲಿ ಕೂತು ನೋಡಿದ್ದೆ. ತಲೆಯೆತ್ತಿ ಪ್ರಭಾಕರ್ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಇದೇನು ಎಂದು ನಾನು ಕೇಳಲಿಲ್ಲ. ಅವರು ಹೇಳಲೂ ಇಲ್ಲ. ಆ ತುಂಡನ್ನು ನೀರಿಗೆ ಬಿಸಾಡಿ, ಬೋಲ್ಟು ಬಿಚ್ಚಿ, ಸಣ್ಣ ಮೋಟಾರು ಕೂರಿಸಿ, ದೊಡ್ಡ ಇಂಜಿನ್ ಆಟೋಗೆ ಹಾಕಿಕೊಂಡು ಬಂದುಬಿಟ್ಟೆ. ಇದನ್ನು ಬರೆಯುವಾಗ ನನ್ನ ಕೈಯನ್ನು ನೋಡಿದರೆ ನನಗೇ ಹೇಸಿಗೆ.

ಎರಡು ದಿನ ಇಂಜಿನ್ ಅಂಗಡಿಯ ಮೂಲೆಯಲ್ಲಿ ತಾಡಪಾಲಿನಡಿ ಇತ್ತು. ತಮ್ಮಯ್ಯನಿಗೆ ಫೋನು ಮಾಡಬೇಕೆಂದು ಎಷ್ಟೋ ಸಲ ತೆಗೆದು, ಇಟ್ಟೆ. ಮೂರನೆಯ ದಿನ ಮಧ್ಯಾಹ್ನ ಜಯಮ್ಮನೇ ಅಂಗಡಿ ಬಾಗಿಲಲ್ಲಿ ನಿಂತಿದ್ದಳು. ಹಣೆಯ ಮೇಲೆ ಹೊಲಿಗೆ, ಒಂದು ಕೈಗೆ ಪಟ್ಟಿ. ಕೋಟೆಯಿಂದ ಬಸ್ಸು ಹತ್ತಿ ವಿಳಾಸ ಕೇಳಿಕೊಂಡು ಬಂದಿದ್ದಳು. ಬೆಂಚಿನ ಮೇಲೆ ಕೂರಿಸಿ ಟೀ ತರಿಸಿದೆ.

ಅವಳು ನಿಧಾನವಾಗಿ ಹೇಳಿದಳು. ಪ್ರಭಾಕರ್ ನನಗೆ ಫೋನು ಮಾಡಿದ್ದ ಆ ದಿನ ಹರಿಗೋಲಿನಲ್ಲಿ ಮೂವರಿದ್ದರು. ತಮ್ಮಯ್ಯ, ಅವಳು, ನೆರೆಮನೆಯ ಮಾದಯ್ಯ. ಮಾದಯ್ಯ ಕೋಟೆಯ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಊರಿಗೆ ಮರಳುತ್ತಿದ್ದ. ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿತ್ತು, ಇನ್ನೊಂದು ಮೊದಲೇ ಮಬ್ಬು. ನೀರೊಳಗಿನ ಒಣಮರಗಳ ನಡುವೆ ಇರುವ ಇಕ್ಕಟ್ಟು ದಾರಿಯಲ್ಲಿ ಅತಿಥಿಗಳಿದ್ದ ಪ್ರಭಾಕರ್ ಅವರ ದೋಣಿ ಪಕ್ಕದಲ್ಲೇ ಹಾದುಹೋಯಿತು.

"ಕೈ ಬೀಸ್ದೋ, ಕೂಗ್ದೋ. ಅವ್ರು ಆಟ ಅನ್ಕಂಡು ಅವ್ರೂ ಕೈ ಬೀಸುದ್ರು. ಮೊದುಲ್ನೇ ಅಲೆಗೆ ತಡ್ಕಂಡೋ. ತಿರ್ಗಿಸ್ಕಂಡು ಅತ್ರಕ್ಕೆ ಬಂದ್ರು ನೋಡು, ಆಗ ಮಗುಚ್ಕತು. ನಾನು ಮರದ ಬುಡ ಇಡ್ಕಂಡೆ. ಮಾದಣ್ಣಂಗೆ ಯಾವ್ ಕಡೆ ದಡ ಅಂತ್ಲೇ ಕಾಣ್ನಿಲ್ಲ." ಕೈಯ ಪಟ್ಟಿಯನ್ನು ಸರಿಮಾಡಿಕೊಂಡಳು. "ಮಾರ್ನೆ ದಿನ ಸಿಕ್ತು ಎಣ."

ಮಗುಚಿದ ಹರಿಗೋಲಿನ ಮೇಲೆಯೇ ದೋಣಿ ಹಾದು ಹೋಗಿತ್ತು. ನಿಲ್ಲಿಸಲಿಲ್ಲ. ತಮ್ಮಯ್ಯ ಕುಡಿದಿದ್ದ, ಮುದುಕ ಎದ್ದು ನಿಂತ, ಅದಕ್ಕೇ ಮಗುಚಿತು ಎಂದು ಪ್ರಭಾಕರ್ ಹೇಳಿಕೆ ಕೊಟ್ಟಿದ್ದರು. ಊರಿನವರು ದೊಡ್ಡ ಇಂಜಿನ್ನಿನ ಅಲೆ ಎಂದರೆ, ದೋಣಿಯ ಹಿಂದೆ ಕೂತಿದ್ದ ಸಣ್ಣ ಮೋಟಾರು ತೋರಿಸಿ, ಇದರಿಂದ ಅಲೆ ಏಳುತ್ತದಾ ನೀವೇ ನೋಡಿ ಎಂದಿದ್ದರು. ಪೊಲೀಸರು ತಮ್ಮಯ್ಯನನ್ನು ಠಾಣೆಗೆ ಕರೆದುಕೊಂಡು ಹೋಗಿದ್ದರು.

"ದೊಡ್ ಇಂಜಿನ್ ಇದ್ದುದ್ದು ನಿಂಗೊತ್ತಲ್ಲಣ್ಣ. ಅರಿಗೋಲು ಮಗುಚ್ತದೆ ಅಂತ ನೀನೇ ಅವ್ರ್‌ಗೆ ಯೇಳ್ದೆ. ನಾ ಕಿವಿಯಾರೆ ಕೇಳಿವ್ನಿ. ಒಂದ್ ಮಾತು ಬಂದು ಯೇಳ್ಬುಡು. ನಿನ್ ಮಾತು ನಂಬ್ತಾರೆ."

ಅವಳು ಕೂತಿದ್ದ ಬೆಂಚಿನ ಹಿಂದೆ, ಎರಡು ಮಾರು ದೂರದಲ್ಲಿ ಇಂಜಿನ್ ಇತ್ತು. ನಾನು ಎದ್ದು ಹೋಗಿ ತಾಡಪಾಲು ಎಳೆದೆ. ನಾನೇ ಬಿಚ್ಚಿಕೊಂಡು ಬಂದೆ ಎಂದೆ. ರೆಕ್ಕೆಗೆ ಸಿಕ್ಕಿದ್ದ ಚೀಲದ ತುಂಡನ್ನು ನೀರಿಗೆ ಎಸೆದದ್ದನ್ನೂ ಹೇಳಿದೆ.

ಜಯಮ್ಮ ಇಂಜಿನ್ ನೋಡಿದಳು, ನನ್ನನ್ನು ನೋಡಿದಳು. ಕೈಯಲ್ಲಿದ್ದ ಟೀ ಲೋಟವನ್ನು ಕುಡಿಯದೆ ಕೆಳಗಿಟ್ಟು, ಬಾಗಿಲಿಗೆ ಹೋಗಿ ಚರಂಡಿಗೆ ಉಗಿದು ಬಂದಳು.

"ನಿನ್ ಕೈಗೆ ಅನ್ನ ಇಕ್ಕಿದ್ನಲ್ಲ" ಎಂದಳು. ಆಮೇಲೆ, "ಆಟೋ ಕರ್ಸು" ಎಂದಳು.

ಕೋಟೆಗೆ ಹೊರಟಾಗ ಮುಂದೆ ಡ್ರೈವರ್ ಪಕ್ಕ ಕೂರಲು ಜಾಗ ಬಿಟ್ಟುಕೊಟ್ಟೆ. ಅವಳು ಬೇಡವೆಂದು ಹಿಂದೆ ಹತ್ತಿ, ಇಂಜಿನ್ ಪಕ್ಕದಲ್ಲೇ ಕೂತಳು. ದಾರಿಯುದ್ದಕ್ಕೂ ಮಳೆ. ಹಿಂದಿನ ಕಿಂಡಿಯಿಂದ ನೋಡಿದಾಗಲೆಲ್ಲ ಅದರ ಮೇಲೆ ಒಂದು ಕೈಯಿಟ್ಟುಕೊಂಡು, ಎಲ್ಲಿ ಯಾರು ಕಸಿದುಕೊಳ್ಳುತ್ತಾರೋ ಎಂಬಂತೆ ನೆನೆಯುತ್ತ ಕೂತಿದ್ದಳು.

ಠಾಣೆಯಲ್ಲಿ ನಾನು ಎಲ್ಲವನ್ನೂ ಹೇಳಿದೆ. ಬರೆದುಕೊಂಡರು. ದೋಣಿಯ ಬಳಿಗೆ ಹೋಗಿ, ಅದರ ಹಿಂಬದಿಯ ಹಲಗೆಗೆ ನಾನು ಕೂರಿಸಿದ್ದ ಪಟ್ಟಿಯ ತೂತುಗಳಿಗೂ ಇಂಜಿನ್ನಿನ ಬೋಲ್ಟುಗಳಿಗೂ ತಾಳೆ ನೋಡಿದರು. ಅಂದು ರಾತ್ರಿ ತಮ್ಮಯ್ಯ ಹೊರಗೆ ಬಂದ. ಪ್ರಭಾಕರ್ ಮೇಲೆ ಕೇಸಾಯಿತು. ಸಾಕ್ಷಿ ಮುಚ್ಚಿಟ್ಟದ್ದಕ್ಕೆ ನನ್ನ ಹೆಸರೂ ಅದರಲ್ಲಿ ಸೇರಿತು. ಈಗಲೂ ಕರೆದಾಗ ಕೋರ್ಟಿಗೆ ಹೋಗುತ್ತೇನೆ. ಅಲ್ಲಿ ಪ್ರಭಾಕರ್ ನನ್ನನ್ನು ಕಂಡರೆ, ಒಂದೇ ಮನೆಯವರ ಹಾಗೆ, ಮೆಲ್ಲಗೆ ತಲೆ ಆಡಿಸುತ್ತಾರೆ. ಅದಕ್ಕಿಂತ ಅಸಹ್ಯವಾದದ್ದನ್ನು ನಾನು ಆ ದೋಣಿಯ ಹೊಟ್ಟೆಯೊಳಗೂ ನೋಡಿಲ್ಲ.

ಆ ವರ್ಷ ಮಳೆ ನಿಲ್ಲುವ ಹೊತ್ತಿಗೆ, ಸೆಪ್ಟೆಂಬರ್ ಕೊನೆಯಲ್ಲಿ, ಬ್ಯಾರನ್ ಕೆಲಸವನ್ನೆಲ್ಲ ಬಿಟ್ಟು ಒಂದು ದಿನ ಆಚೆ ದಡಕ್ಕೆ ಹೋದೆ. ತಮ್ಮಯ್ಯ ಹೊಸ ಹರಿಗೋಲು ಹೆಣೆದಿದ್ದ. ನನ್ನನ್ನು ಕೂರಿಸಿಕೊಂಡು ದಾಟಿಸಿದ. ಮಾದಯ್ಯನ ಮನೆ ಕೇಳಿದಾಗ ಕೈಯಲ್ಲಿದ್ದ ಹುಟ್ಟಿನಿಂದಲೇ ತೋರಿಸಿದ.

ಮಾದಯ್ಯನ ಹೆಂಡತಿ ದೇವೀರಮ್ಮ ಜಗಲಿಯ ಮೇಲೆ ಅಲಸಂದೆಕಾಯಿ ಬಿಡಿಸುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಹುಣಸೂರಿನವನು, ಇಂಜಿನ್ ಕೆಲಸದವನು ಎಂದಷ್ಟೇ ಹೇಳಿದೆ. ಆಕೆ, "ದೂರ್‌ದಿಂದ ಬಂದಿದ್ದೀಯ, ಕೂತ್ಕಪ್ಪ" ಎಂದು ಒಳಗೆ ಹೋಗಿ ಮುದ್ದೆ, ಸಾರು ಬಡಿಸಿದ ತಟ್ಟೆ ತಂದಿಟ್ಟಳು. ಈಕೆಗೆ ಗೊತ್ತಿಲ್ಲ, ಗೊತ್ತಿದ್ದರೆ ಈ ತಟ್ಟೆ ಇಡುತ್ತಿರಲಿಲ್ಲ, ತಿಳಿಸದೆ ತಿಂದರೆ ನಾನು ಆ ಪ್ರಭಾಕರ್‌ಗಿಂತಲೂ ಕಡೆ ಎನ್ನಿಸಿತು. ತಟ್ಟೆಯನ್ನು ದೂರ ಸರಿಸಿದೆ.

"ಅಮ್ಮ, ಆ ಇಂಜಿನ್ ಕೂರಿಸಿದ್ದು ನಾನು. ಆಮೇಲೆ ಬಿಚ್ಚಿಕೊಂಡು ಹೋಗಿ ಬಚ್ಚಿಟ್ಟಿದ್ದೂ ನಾನೇ."

ದೇವೀರಮ್ಮ ಅಲಸಂದೆಕಾಯಿಯಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತು ಕಣಪ್ಪ. ಜಯಮ್ಮ ಆವತ್ತೇ ಯೇಳವ್ಳೆ, ಇಂಗಿಂಗೆ ಅಂತ. ನೀನು ಬಾಗ್ಲಲ್ಲಿ ನಿಂತಾಗ್ಲೇ ತಿಳೀತು." ತಟ್ಟೆಯನ್ನು ಮತ್ತೆ ನನ್ನ ಮುಂದಕ್ಕೆ ತಳ್ಳಿದಳು. "ಮಾಡ್ಬಾರದ್ದು ಮಾಡ್ದೆ. ಈಗ ಉಣ್ಣು. ಉಣ್ದೆ ಓದ್ರೆ ಅದೊಂದು ಬೇರೆ ನನ್ನ ತಲೇಲಿರ್ತದೆ."

ಆಕೆಯ ಎದುರೇ ಕೂತು, ಮುದ್ದೆ ಪೂರ್ತಿ ಮುಗಿಯುವ ತನಕ ಉಂಡೆ. ಆಕೆ ಎರಡು ಸಲ ಸಾರು ಬಿಟ್ಟಳು.